ತಮ್ಮನ ಮಂಚದ ಬಳಿ ತೊಳೆಯದ ಕೈ

ಶಿಗ್ಗಾಂವದಲ್ಲಿ ಹೈವೇಗೆ ಹತ್ತಿದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ನಾನು ಆಯಾ. ಏಳನೇ ತರಗತಿಗೆ ಸಾಲೆ ಬಿಟ್ಟವಳು. ಹಾಸಿಗೆ ಬದಲಿಸುವುದು, ನೆಲ ಒರೆಸುವುದು, ಏಳಲಾಗದವರನ್ನು ಮಗ್ಗುಲು ಹೊರಳಿಸುವುದು, ಸಿಸ್ಟರು ಗಾಯಕ್ಕೆ ಪಟ್ಟಿ ಕಟ್ಟುವಾಗ ಕಾಲು ಎತ್ತಿ ಹಿಡಿಯುವುದು ನನ್ನ ಕೆಲಸ. ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ನಾನು ಸರಿಯಾಗಿ ಕಲಿತ ವಿದ್ಯೆ ಎಂದರೆ ಕೈ ತೊಳೆಯುವುದು.

ನಗಬೇಡಿ. ಅದನ್ನು ಕಲಿಯಬೇಕಾಗುತ್ತದೆ. ಸೇರಿದ ಹೊಸದರಲ್ಲಿ ದೊಡ್ಡ ಸಿಸ್ಟರು ನಮ್ಮ ಅಂಗೈಗೆ ನೀಲಿ ಶಾಯಿ ಸುರಿದು, ಕಣ್ಣು ಮುಚ್ಚಿಸಿ, ಇದು ಸೋಪು ಎಂದು ತಿಳಿದು ಉಜ್ಜಿರಿ ಅಂದರು. ಉಜ್ಜಿದೆವು. ಕಣ್ಣು ಬಿಟ್ಟು ನೋಡಿದರೆ ಯಾರ ಹೆಬ್ಬೆರಳಿಗೂ ಶಾಯಿ ಹತ್ತಿರಲೇ ಇಲ್ಲ. ಉಗುರಿನ ಸಂದಿಯಲ್ಲೂ ಇಲ್ಲ. "ನೋಡ್ರಿ, ಇಷ್ಟು ದಿನ ನೀವು ತೊಳದ ಕೈ ಇದು," ಅಂದರು. ಅವತ್ತಿನಿಂದ ನನ್ನ ಹೆಬ್ಬೆರಳನ್ನು ನಾನು ಮರೆತಿಲ್ಲ. ಪ್ರತಿ ಮಂಚದ ಕಾಲಿನ ಕಡೆ ಕೈಗೆ ಹಚ್ಚಿಕೊಳ್ಳುವ ಔಷಧದ ಬಾಟಲಿ ತೂಗುಹಾಕಿರುತ್ತಾರೆ. ರೋಗಿಯನ್ನು ಮುಟ್ಟುವ ಮುಂಚೆ ಒಂದು ಸಲ, ಮುಟ್ಟಿದ ಮೇಲೆ ಒಂದು ಸಲ. ಹೊಸದಾಗಿ ಬಂದ ಆಯಾಗಳಿಗೆ ಇದನ್ನು ಹೇಳಿಕೊಡುವವಳೇ ನಾನು.

ಹೋದ ವರ್ಷ ಬೇಸಿಗೆಯಲ್ಲಿ ನನ್ನ ತಮ್ಮ ಸವಣೂರಿನಲ್ಲಿ ಬಿದ್ದ. ಟೈಲ್ಸ್ ಕೂಡಿಸುವುದು ಅವನ ಕಸುಬು. ಕಟ್ಟುತ್ತಿದ್ದ ಮನೆಯ ಮೆಟ್ಟಿಲಿನಿಂದ ಟೈಲ್ಸಿನ ಡಬ್ಬಿ ಸಮೇತ ಜಾರಿದ. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಜೊತೆಗಿದ್ದವರು ಹುಬ್ಬಳ್ಳಿಗೆ ಒಯ್ಯಬೇಕೆಂದಿದ್ದರು. ಶಿಗ್ಗಾಂವಕ್ಕೆ ತನ್ನಿ, ನಾನಿದ್ದೇನಲ್ಲ, ಎಂದು ಹಠ ಮಾಡಿದವಳು ನಾನು. ಆಪರೇಷನ್ ಮಾಡಿ ಪ್ಲೇಟು ಕೂಡಿಸಿದರು. ಚೆನ್ನಾಗಿಯೇ ಆಯಿತು. ಮರುದಿನ ಅವನು ಮಂಚದಿಂದ ಬಗ್ಗಿ ನೆಲ ನೋಡುತ್ತಿದ್ದ.

"ಯಕ್ಕಾ, ನಿಮ್ಮ ದವಾಖಾನಿ ಟೈಲ್ಸ್ ಯಾವ ಕುಡುಕ ಕೂಡ್ಸ್ಯಾನ? ಒಂದೂ ಲೆವೆಲ್ ಇಲ್ಲ."

"ಸುಮ್ನ ಮಲಕೊ. ನೀ ಬಿದ್ದ ಮನಿ ಟೈಲ್ಸ್ ಲೆವೆಲ್ ಇತ್ತೇನು?"

"ಅದು ಲೆವೆಲ್ ಇತ್ತು, ನಾ ಇರಲಿಲ್ಲ."

ಅವನ ಮಂಚದ ಕಾಲ ಕಡೆ ಸ್ಟೂಲಿನ ಮೇಲೆ ನಮ್ಮ ಅವ್ವ ಕುಳಿತಿದ್ದಳು. ಅವ್ವನ ಬಗ್ಗೆ ಒಂದು ಸಂಗತಿ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಮನೆ ತಿಳವಳ್ಳಿ ಹತ್ತಿರದ ಊರಿನಲ್ಲಿ, ಊರಿನಿಂದ ಸ್ವಲ್ಪ ದೂರ ಸರಿದ ಕೇರಿಯಲ್ಲಿದೆ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ದೊಡ್ಡ ಮನೆಯೊಂದರ ಕಣದಲ್ಲಿ ಭತ್ತ ತೂರುತ್ತಿದ್ದಳಂತೆ. ಆ ಮನೆಯ ಕೂಸು ತಪ್ಪುಹೆಜ್ಜೆ ಇಡುತ್ತ ಬಂದು ಬಿತ್ತು. ಅವ್ವ ಎತ್ತಿಕೊಂಡಳು. ಮನೆಯೊಡತಿ ಬಂದು ಕೂಸನ್ನು ಇಸಿದುಕೊಂಡು, ಅಲ್ಲೇ ಅದರ ಮೈ ತೊಳೆಸಿದಳು. ಆಮೇಲೆ ಅವ್ವನ ಕೈಯಿಂದ ಇಸಿದುಕೊಂಡಿದ್ದಕ್ಕೆ ತನ್ನ ಕೈಯನ್ನೂ ಮೊಣಕೈವರೆಗೆ ತೊಳೆದುಕೊಂಡಳು. ಅವ್ವ ನಿಂತು ನೋಡಿದಳು. ಇದನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. "ಬೈದಿದ್ರ ಬೈಸಿಕೊಂತಿದ್ದೆ. ಒಂದು ಮಾತೂ ಆಡಲಿಲ್ಲ ಆಕಿ. ಬರೇ ತೊಳಕೊಂಡ್ಳು."

ಅದಕ್ಕೇ ನಮ್ಮ ಮನೆಯಲ್ಲಿ ಯಾರನ್ನಾದರೂ ಮುಟ್ಟಿದ ಮೇಲೆ ಅವರೆದುರು ಕೈ ತೊಳೆಯುವ ಹಾಗಿರಲಿಲ್ಲ. ಓಣಿಯ ಕೂಸಿನ ಮೂಗು ಒರೆಸಿದರೂ ಸೆರಗಿಗೆ ಕೈ ಒರೆಸಿಕೊಂಡು ಸುಮ್ಮನಿರಬೇಕು. ಅವರು ಎದ್ದುಹೋದ ಮೇಲೆ ಹಿತ್ತಲಿಗೆ ಹೋಗಿ ತೊಳೆದುಕೊಂಡರೆ ಅಡ್ಡಿಯಿಲ್ಲ. ಇದನ್ನು ಯಾರೂ ನಮಗೆ ಕೂರಿಸಿ ಹೇಳಿಕೊಟ್ಟಿಲ್ಲ. ನೋಡಿ ಕಲಿತಿದ್ದೆವು.

ಆಪರೇಷನ್ನಾದ ದಿನ ಸಂಜೆ ತಮ್ಮನ ದಿಂಬು ಸರಿಮಾಡುವ ಮುಂಚೆ ನಾನು ರೂಢಿಯಂತೆ ಬಾಟಲಿಯ ಔಷಧ ಕೈಗೆ ಹಚ್ಚಿಕೊಂಡೆ. ಸರಿಮಾಡಿದ ಮೇಲೆ ಮತ್ತೊಮ್ಮೆ ಹಚ್ಚಿಕೊಂಡೆ. ಅವ್ವ ಎರಡನ್ನೂ ನೋಡಿದಳು.

"ಏನದು?"

"ಔಷಧ ಅವ್ವಾ. ಕೈ ಸ್ವಚ್ಛ ಆಗ್ತೈತಿ."

"ನಿನ್ನ ತಮ್ಮನ್ನ ಮುಟ್ಟಿದ್ದಕ್ಕ ಸ್ವಚ್ಛ ಮಾಡ್ಕೊಂಡಿಯೇನು?"

"ಎಲ್ಲಾರಿಗೂ ಹಿಂಗ ಮಾಡ್ತೇವಿ. ಡಾಕ್ಟ್ರೂ ಮಾಡ್ತಾರ."

"ಎಲ್ಲಾರಿಗೂ ಮಾಡು. ಬ್ಯಾಡ ಅಂದೆನೇನು? ಇಂವ ನನ್ನ ಹೊಟ್ಟ್ಯಾಗ ಹುಟ್ಟಿದಂವ."

ತಮ್ಮ ನಕ್ಕ. "ನನ್ನ ಮ್ಯಾಲ ಸಿಮೆಂಟ್ ಐತಿ ಬಿಡವಾ, ಅದಕ್ಕ ತೊಳಕೊಂಡ್ಳು." ಅವ್ವ ನಗಲಿಲ್ಲ. ನಾನು ತಂದುಕೊಟ್ಟ ರೊಟ್ಟಿಯನ್ನು ಮುಟ್ಟದೆ ಹಾಗೇ ಕಟ್ಟಿಟ್ಟಳು. ನೀರಷ್ಟೇ ಕುಡಿದಳು.

ಮರುದಿನದಿಂದ ನಾನು ತಮ್ಮನ ಮಂಚದ ಹತ್ತಿರ ಬಾಟಲಿ ಮುಟ್ಟಲಿಲ್ಲ. ದೂರದಲ್ಲಿ ಬೇಸಿನ್ನಿನಲ್ಲಿ ತೊಳೆದುಕೊಂಡು ಬಂದರಾಯಿತು ಅಂದುಕೊಂಡೆ. ಬೇಸಿನ್ನು ಇದ್ದದ್ದು ಬಾಗಿಲ ಕಡೆ. ಅಲ್ಲಿ ನಿಂತರೂ ಅವ್ವನ ಸ್ಟೂಲಿನಿಂದ ನೇರ ಕಾಣುತ್ತಿತ್ತು.

ಅದೇ ವಾರ್ಡಿನ ಮೂಲೆಯ ಮಂಚದಲ್ಲಿ ಹಿರೇಕೆರೂರ ಕಡೆಯ ಮುದುಕರೊಬ್ಬರಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಪಾದ ಕೊಳೆತಿತ್ತು. ದಿನಕ್ಕೆರಡು ಸಲ ಪಟ್ಟಿ ಬಿಚ್ಚಬೇಕು, ಬಿಚ್ಚಿದಾಗೆಲ್ಲ ಕೀವು. ಹೊಸದಾಗಿ ಆಪರೇಷನ್ ಆದವರ ಜೊತೆ ಅವರನ್ನು ಇಡಬಾರದಿತ್ತು, ಬೇರೆ ಕೋಣೆ ಖಾಲಿ ಇರಲಿಲ್ಲ. ಹೀಗೆ ಬರೆದುಕೊಂಡರೆ ನನ್ನ ತಪ್ಪು ಸಣ್ಣದಾಗುವುದಿಲ್ಲ. ಅಂಥವರು ಪಕ್ಕದಲ್ಲಿ ಇದ್ದಾಗಲೇ ಕೈ ತೊಳೆಯಬೇಕು ಎಂದು ನನಗೆ ಕಲಿಸಿದ್ದರು.

ಮೂರನೆಯ ದಿನ ಬೆಳಿಗ್ಗೆ ಮುದುಕರ ಪಟ್ಟಿ ಬಿಚ್ಚಿ, ಹೊಲಸು ಹತ್ತಿಯನ್ನು ಹಳದಿ ಚೀಲಕ್ಕೆ ಹಾಕಿ ಗ್ಲೌಸು ಕಳಚಿದೆ. ಕಳಚುವಾಗ ಒಂದು ಹರಿಯಿತು. ಬೆರಳಿಗೆ ಕೀವಿನ ಹಸಿ ಹತ್ತಿತು. ನನಗೆ ಗೊತ್ತಾಗಿತ್ತು. ಅಷ್ಟರಲ್ಲಿ ತಮ್ಮ ಕರೆದ.

"ಯಕ್ಕಾ, ಪಟ್ಟಿ ಕಡಿಯಾಕತ್ತೈತಿ. ಒಂಚೂರು ಸಡ್ಲ ಮಾಡು ಬಾ."

"ಸಿಸ್ಟರ್ ಬರ್ತಾರ ತಡಿ."

"ಅಕ್ಕ ಇದ್ದು ಸಿಸ್ಟರ್ ಯಾಕ? ನೀ ಸಿಸ್ಟರ್ ಅಲ್ಲೇನು?"

ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಬೇಸಿನ್ನಿನ ಕಡೆ ಒಂದು ಹೆಜ್ಜೆ ಇಟ್ಟೆ. ಆಮೇಲೆ ತಿರುಗಿದೆ. ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು ತಮ್ಮನ ಕಾಲಿನ ಪಟ್ಟಿ ಸಡಿಲಿಸಿದೆ. ಒಳಗಿನ ಹತ್ತಿ ಸರಿದಿತ್ತು. ಅದನ್ನು ಹೊಲಿಗೆಯ ಮೇಲೆ ಬೆರಳಿನಿಂದ ಒತ್ತಿ ಕೂಡಿಸಿದೆ. ಅವ್ವ ಅವತ್ತು ಹೊಟ್ಟೆ ತುಂಬ ಉಂಡಳು.

ಒಂದೇ ಸಲ ಹೀಗಾಯಿತು ಎಂದು ಬರೆಯಬೇಕೆಂದುಕೊಂಡಿದ್ದೆ. ಒಂದೇ ಸಲವಲ್ಲ. ಮೂರನೆಯ ದಿನ, ನಾಲ್ಕನೆಯ ದಿನ, ಐದನೆಯ ದಿನ. ಮೊದಲ ಸಲ ಏನೂ ಆಗಲಿಲ್ಲವಲ್ಲ ಎಂದು ಎರಡನೆಯ ಸಲಕ್ಕೆ ಧೈರ್ಯ ಬಂತು.

ಆರನೆಯ ದಿನ ತಮ್ಮನಿಗೆ ಚಳಿಜ್ವರ ಬಂತು. ಕಾಲು ಕೆಂಪಾಗಿ ಉಬ್ಬಿತು. ಹೊಲಿಗೆಯ ಸಂದಿಯಿಂದ ಕೀವು ಬಂತು. ವಾಸನೆ ಬಂದ ಕೂಡಲೇ ನಾನು ಅದನ್ನು ಗುರುತಿಸಿದೆ. ಮೂಲೆಯ ಮಂಚದ ವಾಸನೆ ಅದು.

ಕೀವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರು ವಾರ್ಡಿನ ಸಿಸ್ಟರು, ಆಯಾಗಳು ನಮ್ಮೆಲ್ಲರನ್ನೂ ಕರೆದು ನಿಲ್ಲಿಸಿದರು.

"ಇಬ್ಬರ ಕೀವಿನ್ಯಾಗೂ ಒಂದ ಕ್ರಿಮಿ ಬಂದೈತಿ. ಯಾರೋ ಕೈಯಾಗ ಒಯ್ದಾರ. ಬೈಯಾಕ ಕೇಳಾಕತ್ತಿಲ್ಲ, ಇನ್ನೊಬ್ಬರಿಗೆ ಆಗಬಾರದಂತ ಕೇಳಾಕತ್ತೇನಿ. ಹೇಳ್ರಿ."

 ಡಾಕ್ಟರು ನನ್ನ ಕಡೆ ನೋಡಿದರು. 

"ನಿನ್ನ ಕೈ ಬಗ್ಗೆ ನನಗ ಚಿಂತಿ ಇಲ್ಲ ಬಿಡವಾ. ಉಳದವರ ಮ್ಯಾಲ ನೀನ ಒಂದು ಕಣ್ಣು ಇಡು."

"ಹೂನ್ರಿ," ಅಂದೆ.

ಇಷ್ಟೇ ಆಗಿದ್ದರೆ ಇದು ಅರ್ಧ ತಪ್ಪು. ಉಳಿದರ್ಧ ಅದೇ ದಿನ ಸಂಜೆ ಆಯಿತು.

ತಮ್ಮನ ಹೆಂಡತಿ ಅಬಲೂರು ಕಡೆಯವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಮಾತು ಕಡಿಮೆ, ಕೈ ಚುರುಕು. ಊರಿನಿಂದ ದಿನಾ ಬುತ್ತಿ ಕಟ್ಟಿಕೊಂಡು ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ನಾಲ್ಕನೆಯ ದಿನ ತಮ್ಮ ಬಾಯಿ ಸಪ್ಪಗಾಗಿದೆ ಅಂದನೆಂದು ಬದನೆಕಾಯಿ ಎಣಗಾಯಿ ಮಾಡಿ ತಂದಿದ್ದಳು. ಅವನು ಬೆರಳು ಚೀಪಿ ಉಂಡಿದ್ದ. ಗಾಯ ಇರುವವರು ಬದನೆಕಾಯಿ ತಿಂದರೆ ನಂಜಾಗುತ್ತದೆ, ಗಾಯ ಕೀವು ಕಟ್ಟುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಕಾಲಿಗೆ ನಂಜಾಗಿದೆ ಎಂದು ವರದಿ ಬಂದದ್ದು ಕೇಳಿದ ಕೂಡಲೇ ಅವ್ವ ಸೊಸೆಯ ಮೇಲೆ ತಿರುಗಿದಳು.

"ಹೊಲಿಗಿ ಹಾಕಿದ ಕಾಲಿಗೆ ಬದನಿಕಾಯಿ! ನಂಜು ಅನ್ನೋದು ನಿಮ್ಮ ಅಬಲೂರಾಗ ಯಾರಿಗೂ ಗೊತ್ತಿಲ್ಲೇನು?"

"ಅವರ ಬೇಡಿದ್ರಿ ಅತ್ತಿ."

"ಅಂವ ವಿಷ ಬೇಡಿದ್ರ ಅದನ್ನೂ ಕಟಗೊಂಡ ಬರ್ತಿದ್ದಿ."

"ನಾ ತಿಂದೇನಿ, ನನ್ನ ಬೈಯವಾ," ಎಂದ ತಮ್ಮ ಜ್ವರದಲ್ಲೇ. ಅವ್ವ ಕೇಳಲಿಲ್ಲ. ಮಾತಾಡಿಸಲು ಬಂದಿದ್ದ ನಂಟರು ಮಂಚದ ಸುತ್ತ ನಿಂತಿದ್ದರು. ಅವರೆಲ್ಲರ ಎದುರು ಅವ್ವ ನನ್ನನ್ನು ಕೇಳಿದಳು.

"ನೀ ದವಾಖಾನ್ಯಾಗ ಇರಾಕಿ. ನೀನ ಹೇಳು. ತಿನ್ನಬೌದಿತ್ತೇನು?"

ಊಟಕ್ಕೆ ಯಾವ ಪಥ್ಯವೂ ಇಲ್ಲ, ಎಲ್ಲಾ ಕೊಡಿ ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಕೀವು ಎಲ್ಲಿಂದ ಬಂತೆಂದೂ ಗೊತ್ತಿತ್ತು. ತಮ್ಮನ ಹೆಂಡತಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು, ನಾನು ಬಿಡಿಸುತ್ತೇನೆ ಎಂದು.

"ತಿನ್ನಬಾರದಿತ್ತು," ಅಂದೆ.

ಏಪ್ರನ್ ಹಾಕಿಕೊಂಡು ಆ ಮಾತು ಹೇಳಿದ್ದೆ. ನಂಟರಿಗೆ ಅದು ಡಾಕ್ಟರ ಮಾತಾಯಿತು. ವಾರದೊಳಗೆ ಕೇರಿಯಲ್ಲೆಲ್ಲ ಹಬ್ಬಿತು.

ಆಮೇಲಿನದನ್ನು ಉದ್ದ ಬರೆಯಲು ನನಗೆ ತ್ರಾಣವಿಲ್ಲ. ತಮ್ಮನನ್ನು ಹುಬ್ಬಳ್ಳಿಗೆ ಒಯ್ದರು. ಪ್ಲೇಟು ತೆಗೆದರು. ಕಾಲಿನ ಹೊರಗೆ ಕಬ್ಬಿಣದ ಬಳೆಗಳನ್ನು ಕೂಡಿಸಿ ತಿಂಗಳುಗಟ್ಟಲೆ ಇಟ್ಟರು. ಕಾಲು ಉಳಿಯಿತು, ಎರಡು ಬೆರಳಿನಷ್ಟು ಗಿಡ್ಡವಾಯಿತು. ಮೊಣಕಾಲು ಪೂರ್ತಿ ಮಡಚುವುದಿಲ್ಲ. ಟೈಲ್ಸ್ ಕೂಡಿಸುವವನು ದಿನವೆಲ್ಲ ಕುಕ್ಕುರುಗಾಲಿನಲ್ಲಿ ಕೂರಬೇಕು. ಅವನ ಕೆಲಸ ಹೋಯಿತು. ಈಗ ತಿಳವಳ್ಳಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕುಳಿತು ಬೇರೆಯವರು ಕೂಡಿಸುವ ಟೈಲ್ಸ್ ಮಾರುತ್ತಾನೆ.

ನಾನು ರಜೆಗೆ ಹೋದಾಗಲೆಲ್ಲ ಅವನು ಕೇಳುತ್ತಿದ್ದ: "ಯಕ್ಕಾ, ಖರೇ ಹೇಳು, ಬದನಿಕಾಯಿಂದ ಇಷ್ಟೆಲ್ಲ ಆಗ್ತೈತೇನು?" ನಾನು "ಯಾರಿಗೆ ಗೊತ್ತಪಾ, ಒಬ್ಬೊಬ್ಬರ ಮೈಗೆ ಒಂದೊಂದು," ಅನ್ನುತ್ತಿದ್ದೆ. ಒಳಗೆ ಅವನ ಹೆಂಡತಿ ಪಾತ್ರೆ ತಿಕ್ಕುತ್ತಿರುತ್ತಿದ್ದಳು. ಒಲೆಯ ಹತ್ತಿರ ಅವಳನ್ನು ಅವ್ವ ಬಿಡುತ್ತಿರಲಿಲ್ಲ. ಕಣ್ಣು ಮಂದವಾದರೂ ಮಗನಿಗೆ ತಾನೇ ರೊಟ್ಟಿ ತಟ್ಟುತ್ತಿದ್ದಳು. ಸೊಸೆ ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋಗಿ ಬಂದು, ಅತ್ತೆ ನೀಡಿದ್ದನ್ನು ಉಂಡು ಮಲಗುತ್ತಿದ್ದಳು.

ಈ ವರ್ಷ ಮಳೆಗಾಲಕ್ಕೆ ಮುಂಚೆ ತಮ್ಮ ಫೋನು ಮಾಡಿದ. "ಯಕ್ಕಾ, ಅಕಿ ತವರಿಗೆ ಹೋದ್ಳು. ಬರಂಗಿಲ್ಲಂತ."

"ಏನಾತು?"

"ಮಗ್ಗಲ ಮನಿ ಮದುವಿ ಇತ್ತು. ಅಡಗಿಗೆ ಓಣಿ ಹೆಣಮಕ್ಕಳನ್ನೆಲ್ಲ ಕರದ್ರು. ಇಕಿನೂ ಹೋಗಿ ಕುಂತಿದ್ಲಂತ, ಉಳ್ಳಾಗಡ್ಡಿ ಹೆಚ್ಚಾಕ. ನೀ ಬ್ಯಾಡವಾ, ನಿನ್ನ ಕೈ ನಂಜು, ಏಳು, ಅಂದ್ರಂತ."

ಫೋನು ಇಟ್ಟು ನಾನು ಮೆಟ್ಟಿಲ ಮೇಲೆ ಕುಳಿತೆ. ನಮ್ಮ ಕೇರಿಯಲ್ಲಿ, ನಮ್ಮವರೇ, ಒಬ್ಬಳ ಕೈಯನ್ನು ಬೇಡವೆಂದು ಏಳಿಸಿದ್ದರು. ಆ ಕೈ ಏನೂ ಮಾಡಿರಲಿಲ್ಲ.

ಭಾನುವಾರ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಅಬಲೂರಿಗೆ ಹೋದೆ. ಅವಳು ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದಳು. "ಕುಂತ್ರಿ ಅಕ್ಕಾರ. ಕರಿಯಾಕ ಬಂದಿದ್ರ ನಾ ಬರಂಗಿಲ್ರಿ."

ಕರೆಯಲು ಬಂದಿಲ್ಲ ಅಂದೆ. ಮೂಲೆಯ ಮಂಚ, ಹರಿದ ಗ್ಲೌಸು, ಅವ್ವನ ಮೋರೆ, ಡಾಕ್ಟರ ಮಾತು, ಎಲ್ಲ ಹೇಳಿದೆ. ಹೇಳುವಾಗ ಅವಳು ಮತ್ತೆ ಮೊರ ಎತ್ತಿಕೊಂಡು ಹರಳು ಆರಿಸತೊಡಗಿದಳು. 

"ಯಾವಾಗಿಂದ ಗೊತ್ತಿತ್ರಿ ನಿಮಗ?"

"ಕೀವು ಬಂದ ದಿನದಿಂದ."

"ನಾನ ಮಾಡೇನಿ ಅಂತ ನನಗೂ ಖರೇ ಅನಿಸಿತ್ರಿ. ದಿನಾ ಅವರ ಕಾಲು ನೋಡಿದಾಗ ಅನಸ್ತಿತ್ತು. ನನ್ನ ಕೈಲೆ ಹಿಂಗಾತಲ್ಲ ಅಂತ." ಅವಳು ಮೊರ ಕೆಳಗಿಟ್ಟಳು. "ಅತ್ತಿ ಬೈದಿದ್ದು ಹೋಗ್ಲಿ ಅಕ್ಕಾರ. ನನ್ನ ಬಾಯಿ ನಾನ ಮುಚ್ಚಿಕೊಂಡು ಕುಂತೆ ನೋಡ್ರಿ."

 ತಪ್ಪಾಯಿತು ಅಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ನನ್ನ ಮುಂದ ಹೇಳಿದ್ರ ಏನು ಬಂತ್ರಿ? ಯಾರ ಮುಂದ ತಿನ್ನಬಾರದಿತ್ತು ಅಂದ್ರಿ, ಅವರ ಮುಂದ ಹೇಳ್ರಿ. ನಾನೂ ಬರ್ತೇನಿ. ನೀವು ಹೇಳೋದು ನಾ ಕೇಳಬೇಕು."

ಅದೇ ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಈ ಕಡೆ. 

ಮನೆಯಲ್ಲಿ ತಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಅವ್ವ ಬಾಗಿಲಲ್ಲಿ. ನಾನು ನಿಂತೇ ಹೇಳಿದೆ, ಕುಳಿತರೆ ಮತ್ತೆ ಬಾಯಿ ಬರುವುದಿಲ್ಲ ಎಂದು. ಎರಡು ಮನೆಯವರು ಕೇಳಿಸಿಕೊಳ್ಳಲು ಹೊರಗೆ ಬಂದರು. ಬರಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

ಅವ್ವ ಮೊದಲು ನಂಬಲಿಲ್ಲ. "ಇಕಿನ್ನ ಉಳಸಾಕ ಸುಳ್ಳ ಹೇಳಾಕತ್ತಿ ನೀ."

"ಸುಳ್ಳಲ್ಲವಾ. ಆ ಮುದುಕರ ಕೀವು ನನ್ನ ಕೈಯಾಗ ಇತ್ತು. ತೊಳಕೊಳ್ಳಲಾರದ ಇವನ್ನ ಮುಟ್ಟೇನಿ."

"ಅಂದ್ರ ನಮ್ಮ ಕೈ ಮುಟ್ಟಿದ್ರ ರೋಗ ಬರ್ತೈತಿ. ಊರವರು ಅಂದಿದ್ದು ಸಾಲಲಿಲ್ಲ, ಈಗ ನೀನೂ ಅನ್ನು."

"ನಮ್ಮ ಕೈ ಅಲ್ಲವಾ, ಯಾರ ಕೈ ಆದ್ರೂ ಅಷ್ಟ. ಡಾಕ್ಟರ ಕೈ ಆದ್ರೂ."

"ಕಣದಾಗ ತೊಳಕೊಂಡ್ಳಲ್ಲ, ಆಕಿನೂ ಹಂಗ ತಿಳಕೊಂಡಿರಬೇಕು ಹಂಗಾದ್ರ. ಆಕಿಂದೂ ತಪ್ಪಿಲ್ಲ."

ಅದು ಬೇರೆ, ಇದು ಬೇರೆ. ನನಗೆ ಗೊತ್ತು. ಕೀವಿಗೆ ಜಾತಿಯಿಲ್ಲ, ಯಾರ ಬೆರಳಿಗಾದರೂ ಹತ್ತುತ್ತದೆ, ಯಾರು ತೊಳೆದರೂ ಹೋಗುತ್ತದೆ. ಹಾಗೆಂದು ಅವತ್ತು ಹೇಳಲು ಬರಲಿಲ್ಲ. ಹೆಚ್ಚು ಓದಿದವರಿದ್ದರೆ ಹೇಳುತ್ತಿದ್ದರೇನೋ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ತಮ್ಮ ಕಟ್ಟೆಯಿಂದ ಕಾಲು ಕೆಳಗಿಳಿಸಿದ.

"ನಾ ಎಷ್ಟು ಸಲ ಕೇಳೇನಿ ಯಕ್ಕಾ ನಿನ್ನ?"

"ಭಾಳ ಸಲ."

"ಹೂಂ," ಅಂದ. ಕೋಲು ಊರಿ ಎದ್ದ. ಹೆಂಡತಿಯ ಮುಂದೆ ಹೋಗಿ ನಿಂತು, ಅವಳ ಕೈಯಲ್ಲಿದ್ದ ಚೀಲ ಇಸಿದುಕೊಂಡು ಕುಂಟುತ್ತ ಒಳಗೆ ಹೋದ. ಅವಳೂ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಸ್ಟ್ಯಾಂಡಿಗೆ ನಡೆದೆ.

ಸೋಮವಾರ ಡಾಕ್ಟರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಅವತ್ತ ಹೇಳಿದ್ರ ನೀ ಮುಟ್ಟಿದ ಉಳದವರ ಗಾಯನೂ ಅವತ್ತ ನೋಡಾಕ ಬರ್ತಿತ್ತು," ಅಂದರು. ನನ್ನನ್ನು ವಾರ್ಡಿನಿಂದ ತೆಗೆದು ಬಟ್ಟೆ ಒಗೆಯುವ ಕಡೆ ಹಾಕಿದ್ದಾರೆ. ನೌಕರಿಯಿಂದ ತೆಗೆಯಲಿಲ್ಲ. ಬಿಸಿನೀರಿನಲ್ಲಿ ಹಾಸಿಗೆಬಟ್ಟೆ ಅದ್ದಿ ಎತ್ತುವಾಗ ತೋಳು ಬಿದ್ದುಹೋಗುತ್ತದೆ. ಯಾರನ್ನೂ ಮುಟ್ಟುವ ಕೆಲಸವಿಲ್ಲ.

ತಮ್ಮ ನನ್ನ ಜೊತೆ ಮಾತಾಡುವುದಿಲ್ಲ. ಫೋನು ಮಾಡಿದರೆ ಹೆಂಡತಿಯ ಕೈಗೆ ಕೊಡುತ್ತಾನೆ. ಅವಳು ಉಳಿದಿದ್ದಾಳೆ. ಕೇರಿಯಲ್ಲಿ ಈಗ ಅವಳಿಗೆ ಯಾರೂ ಆ ಮಾತು ಅನ್ನುವುದಿಲ್ಲವಂತೆ, ನನಗೆ ಅನ್ನುತ್ತಾರಂತೆ. ಅಷ್ಟಾದರೂ ಸರಿಹೋಯಿತು. ಫೋನಿನಲ್ಲಿ ಅವಳು ನಾನು ಕೇಳದಿದ್ದರೂ ಅವತ್ತು ತಾನು ಮಾಡಿದ ಅಡುಗೆ ಹೇಳುತ್ತಾಳೆ. ನಿನ್ನೆಯೂ ಹೇಳಿದಳು, ಹೆಸರುಕಾಳು ಪಲ್ಯ, ರೊಟ್ಟಿ, ಅನ್ನ, ಸಾರು.

"ಅವರು ಉಂಡ್ರು ಅಕ್ಕಾರ. ಅತ್ತಿ ಇನ್ನಾ ತಾವ ಬ್ಯಾರೆ ಮಾಡ್ಕೋತಾರ. ನಿಮ್ಮ ಮಾತು ಅವರಿಗೆ ಹಿಡಿಸಿಲ್ರಿ."

ಬರುವ ಭಾನುವಾರ ರಜೆ ಕೇಳಿದ್ದೇನೆ. ಅವ್ವ ಬಾಗಿಲು ತೆರೆಯುತ್ತಾಳೋ ಇಲ್ಲವೋ. ಕಣದಲ್ಲಿ ಆಕೆ ತೊಳೆದುಕೊಂಡದ್ದು ಬೇರೆ, ನಾನು ತೊಳೆಯಬೇಕಿದ್ದದ್ದು ಬೇರೆ ಎಂದು ಅವಳಿಗೆ ಈ ಸಲ ಹೇಳಬೇಕು.